ಮೈಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಹಗುರ ಮಾಡಲು ಎಸ್ಟರ್ ಬೆರೆಸಬಹುದೇ?

ಪ್ರಶ್ನೆ — ತಿಪಟೂರು ಗಾಣ

ಮಾನ್ಯರೇ, ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾವು ಕೆಲವು ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡು ಮರದ ಗಾಣದಲ್ಲಿ ಕೊಬ್ಬರಿ ಎಣ್ಣೆ ತೆಗೆದು ಮಾರುತ್ತೇವೆ. ಅಡುಗೆಗೆ ಹೋಗುವ ಎಣ್ಣೆಯ ಬಗ್ಗೆ ಯಾರದೂ ತಕರಾರಿಲ್ಲ. ಅದನ್ನೇ ಸಣ್ಣ ಬಾಟಲಿಗೆ ತುಂಬಿ ಮೈಗೆ ಹಚ್ಚುವ ಎಣ್ಣೆಯೆಂದು ಕೊಟ್ಟಾಗ ಮಾತ್ರ ಬೆಂಗಳೂರಿನ ಗ್ರಾಹಕರು ಎರಡು ದೂರು ಹೇಳುತ್ತಾರೆ: ಹಚ್ಚಿಕೊಂಡ ಮೇಲೆ ಜಿಡ್ಡು ಬಹಳ ಹೊತ್ತು ನಿಂತು ಬಟ್ಟೆಗೆ ಹತ್ತುತ್ತದೆ, ಡಿಸೆಂಬರ್ ಬಂತೆಂದರೆ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಸುರಿಯಲು ಬರುವುದಿಲ್ಲ.

ಕಚ್ಚಾ ವಸ್ತು ಮಾರುವವರೊಬ್ಬರು ಇದಕ್ಕೆ ಪರಿಹಾರವೆಂದು ಮೂರು ಸ್ಯಾಂಪಲ್ ಕಳುಹಿಸಿದ್ದಾರೆ: ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಕೊಕೊ-ಕ್ಯಾಪ್ರಿಲೇಟ್ ಮತ್ತು ಐಸೊಪ್ರೊಪೈಲ್ ಮಿರಿಸ್ಟೇಟ್. ಮೂರಕ್ಕೂ ಬಣ್ಣವಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮುಂಗೈಗೆ ಒಂದು ಹನಿ ಹಾಕಿ ಬೆರಳಾಡಿಸಿದರೆ ಮೊದಲನೆಯದು ನಮ್ಮ ಎಣ್ಣೆಗಿಂತ ಸ್ವಲ್ಪ ಹಗುರ, ಉಳಿದೆರಡು ಹಚ್ಚಿದ್ದೇ ತಿಳಿಯದಂತೆ ಹರಡಿಬಿಡುತ್ತವೆ. ಎಲ್ಲವೂ ತೆಂಗಿನಿಂದಲೇ ಬಂದ ಎಸ್ಟರ್‌ಗಳು, ಧೈರ್ಯವಾಗಿ ನೈಸರ್ಗಿಕವೆಂದು ಬರೆದುಕೊಳ್ಳಿ ಎಂದು ಅವರು ಹೇಳುತ್ತಾರೆ. ಮಾರುವವರ ಮಾತನ್ನು ಅಷ್ಟಕ್ಕೇ ನಂಬಲು ಮನಸ್ಸು ಒಪ್ಪುತ್ತಿಲ್ಲ.

ತೆಂಗಿನಿಂದ ಬಂದದ್ದೆಂಬುದು ಎಷ್ಟರ ಮಟ್ಟಿಗೆ ನಿಜ? ನಿಜವಾದರೆ, ಕೊಬ್ಬರಿಯ ಊರಿನಲ್ಲಿ ಕುಳಿತು ಇದನ್ನು ನಾವು ದುಡ್ಡು ಕೊಟ್ಟು ಏಕೆ ಕೊಳ್ಳಬೇಕು, ನಮ್ಮ ಎಣ್ಣೆಯಿಂದ ನಾವೇ ಮಾಡಿಕೊಳ್ಳಲು ಸಾಧ್ಯವಿಲ್ಲವೇ? ನಾವು ತಣ್ಣನೆಯ ವಿಧಾನದಲ್ಲಿ ಸಾಬೂನನ್ನೂ ಮಾಡುವುದರಿಂದ, ಅದಕ್ಕೂ ಇವನ್ನು ಹಾಕಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ — ರಸಾಯನ ಮೇಷ್ಟ್ರು, ತುಮಕೂರು

ಮೇಡಂ, ನಿಮ್ಮ ಗಾಣದಿಂದ ಇಳಿಯುವ ಎಣ್ಣೆಯೇ ಎಸ್ಟರ್. ಆಮ್ಲವೊಂದು ಆಲ್ಕೋಹಾಲ್ ಒಂದರ ಜೊತೆ ಕೂಡಿ, ನಡುವೆ ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟಾಗ ಹುಟ್ಟುವುದು ಎಸ್ಟರ್. ಎಣ್ಣೆಯಲ್ಲಿ ಆ ಆಲ್ಕೋಹಾಲ್ ಎಂದರೆ ಗ್ಲಿಸರಿನ್. ಅದರ ಮೂರು ಕೈಗಳಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುವುದರಿಂದ ಅದನ್ನು ಟ್ರೈಗ್ಲಿಸರೈಡ್ ಎನ್ನುತ್ತೇವೆ. ಹಾಗಾಗಿ ಎಸ್ಟರ್ ಎಂಬ ಹೆಸರು ಕೇಳಿ ಹೆದರಬೇಕಿಲ್ಲ, ಆ ಹೆಸರಿದ್ದ ಮಾತ್ರಕ್ಕೆ ನೈಸರ್ಗಿಕವೆಂದು ನಂಬಬೇಕಾಗಿಯೂ ಇಲ್ಲ. ಕೇಳಬೇಕಾದದ್ದು, ಯಾವ ಆಮ್ಲ, ಯಾವ ಆಲ್ಕೋಹಾಲ್, ಎರಡೂ ಎಲ್ಲಿಂದ ಬಂದವು ಎಂಬುದನ್ನು.

ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, ಅಂದರೆ 12 ಇಂಗಾಲದ ಸರಪಳಿ. ನಂತರ 14 ಇಂಗಾಲದ ಮಿರಿಸ್ಟಿಕ್ ಆಮ್ಲ, ಶೇಕಡಾ 17ರಿಂದ 21ರಷ್ಟು. 8 ಇಂಗಾಲದ ಕ್ಯಾಪ್ರಿಲಿಕ್ ಮತ್ತು 10 ಇಂಗಾಲದ ಕ್ಯಾಪ್ರಿಕ್ ಆಮ್ಲಗಳು ಎರಡೂ ಸೇರಿ ಸಾಮಾನ್ಯವಾಗಿ ಶೇಕಡಾ 15ರ ಆಸುಪಾಸು ಇರುತ್ತವೆ. ನಿಮ್ಮ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದಕ್ಕೆ ಲಾರಿಕ್, ಮಿರಿಸ್ಟಿಕ್‌ಗಳಂಥ ಉದ್ದನೆಯ, ನೇರವಾದ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಳ್ಳುವುದೇ ಕಾರಣ. ಎಣ್ಣೆಯನ್ನು ಒಡೆದು, 8 ಮತ್ತು 10 ಇಂಗಾಲದ ಆಮ್ಲಗಳನ್ನಷ್ಟೇ ಬೇರೆ ಮಾಡಿ, ಅವನ್ನು ಮತ್ತೆ ಗ್ಲಿಸರಿನ್‌ಗೆ ಅಂಟಿಸಿದರೆ ಸಿಗುವುದೇ ನಿಮ್ಮ ಮೊದಲ ಸ್ಯಾಂಪಲ್. ಸರಪಳಿ ಗಿಡ್ಡವಾದ್ದರಿಂದ ಅದು ನಮ್ಮ ಕಡೆಯ ಯಾವ ಚಳಿಗೂ ಗಟ್ಟಿಯಾಗುವುದಿಲ್ಲ. ಎಲ್ಲ ಸರಪಳಿಗಳೂ ಪರ್ಯಾಪ್ತವಾಗಿರುವುದರಿಂದ, ಅಂದರೆ ಗಾಳಿಯ ಆಮ್ಲಜನಕ ಹಿಡಿದುಕೊಳ್ಳಲು ಜೋಡಿ ಬಂಧಗಳೇ ಇಲ್ಲದಿರುವುದರಿಂದ, ಬೇಗ ಕಮಟು ಹಿಡಿಯುವುದೂ ಇಲ್ಲ.

ಎರಡನೆಯ ಸ್ಯಾಂಪಲ್, ಕೊಕೊ-ಕ್ಯಾಪ್ರಿಲೇಟ್‌ನಲ್ಲಿ ಗ್ಲಿಸರಿನ್ ಇಲ್ಲ. ತೆಂಗಿನ ಎಣ್ಣೆಯ ಕೊಬ್ಬಿನಾಮ್ಲಗಳಿಂದಲೇ ತಯಾರಿಸಿದ ಕೊಬ್ಬಿನ ಆಲ್ಕೋಹಾಲ್‌ಗೆ ಕ್ಯಾಪ್ರಿಲಿಕ್ ಆಮ್ಲವನ್ನು ಕೂಡಿಸಿದ್ದು ಅದು. ಅಣುವಿಗೆ ಮೂರು ಕೈಗಳ ಭಾರವಿಲ್ಲದೆ ಒಂದೇ ಸರಪಳಿಯಿರುವುದರಿಂದ ಚರ್ಮದ ಮೇಲೆ ಬೇಗ ಹರಡುತ್ತದೆ. ಮೊದಲೆರಡರ ವಿಷಯದಲ್ಲಿ ಮಾರಾಟಗಾರರ ಮಾತು ರಸಾಯನಶಾಸ್ತ್ರದ ಮಟ್ಟಿಗೆ ಸರಿ. ಎರಡು ಭಾಗಗಳೂ ಗಿಡದಿಂದ ಬಂದಿರಬಲ್ಲವು. ಆದರೆ ತೆಂಗೋ ತಾಳೆಯೋ ಎಂದು ಕೇಳಿಕೊಳ್ಳಿ, ಏಕೆಂದರೆ ತಾಳೆ ಬೀಜದ ಎಣ್ಣೆಯಲ್ಲೂ ಇವೇ ಆಮ್ಲಗಳಿರುವುದರಿಂದ ಕಾರ್ಖಾನೆಗಳು ಎರಡನ್ನೂ ಬಳಸುತ್ತವೆ, ಸಿದ್ಧವಾದ ವಸ್ತುವನ್ನು ನೋಡಿ ವ್ಯತ್ಯಾಸ ಹೇಳುವುದು ಕಷ್ಟ.

ಮೂರನೆಯದರಲ್ಲಿ ಅವರ ಮಾತು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಐಸೊಪ್ರೊಪೈಲ್ ಮಿರಿಸ್ಟೇಟ್‌ನ ಮಿರಿಸ್ಟಿಕ್ ಆಮ್ಲ ತೆಂಗಿನದೋ ತಾಳೆ ಬೀಜದ್ದೋ ಇರಬಹುದು. ಆದರೆ ಅದಕ್ಕೆ ಅಂಟಿಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬಂದ ಪ್ರೊಪಿಲೀನ್‌ನಿಂದ ತಯಾರಾಗುತ್ತದೆ. ಅಣುವಿನ 17 ಇಂಗಾಲಗಳಲ್ಲಿ 14 ಗಿಡದವು, 3 ಪೆಟ್ರೋಲಿಯಂನವು. ಕ್ರೀಮ್ ಡಬ್ಬಿಗಳ ಮೇಲೆ ಹೆಚ್ಚಾಗಿ ಕಾಣುವ ಎಥೈಲ್‌ಹೆಕ್ಸೈಲ್ ಪಾಲ್ಮಿಟೇಟ್‌ನಲ್ಲಿ ಈ ಲೆಕ್ಕ ಇನ್ನೂ ಬದಲಾಗಿ, 24ರಲ್ಲಿ 16 ಮಾತ್ರ ಗಿಡದವಾಗಿರುತ್ತವೆ. ಇದರಿಂದ ಆ ವಸ್ತು ಕೆಟ್ಟದ್ದೆಂದು ಅರ್ಥವಲ್ಲ, ಚರ್ಮಕ್ಕೆ ಇಂಗಾಲದ ಹುಟ್ಟೂರು ಗೊತ್ತಾಗುವುದಿಲ್ಲ. ಆದರೆ ಚೀಟಿಯ ಮೇಲೆ ಪೂರ್ತಿ ತೆಂಗಿನದೆಂದು ಬರೆದರೆ ಅದು ಸುಳ್ಳು.

ಪ್ರಕೃತಿಯೇ ಗ್ಲಿಸರಿನ್ ಇಲ್ಲದ ಎಸ್ಟರನ್ನು ಹೇರಳವಾಗಿ ಮಾಡಿಟ್ಟ ಉದಾಹರಣೆಯೂ ಇದೆ. ರಾಜಸ್ಥಾನದಲ್ಲಿ ಬೆಳೆಯುವ ಹೊಹೊಬಾ ಬೀಜದ ಎಣ್ಣೆ ನಿಜಕ್ಕೂ ದ್ರವ ರೂಪದ ಮೇಣ. ಉದ್ದನೆಯ ಆಮ್ಲಕ್ಕೆ ಉದ್ದನೆಯ ಆಲ್ಕೋಹಾಲ್ ಸೇರಿದ ಎಸ್ಟರ್. 1970ರ ದಶಕದ ಆರಂಭದಲ್ಲಿ ಅಮೆರಿಕವು ಸ್ಪರ್ಮ್ ತಿಮಿಂಗಿಲದ ಎಣ್ಣೆಯ ಆಮದನ್ನು ನಿಲ್ಲಿಸಿದ ಮೇಲೆ, ಅದೇ ಬಗೆಯ ಎಸ್ಟರ್‌ಗಳಿಗಾಗಿ ಹುಡುಕುತ್ತಿದ್ದವರ ಕಣ್ಣು ಈ ಗಿಡದ ಮೇಲೆ ಬಿತ್ತು. ನಿಮ್ಮ ಕೆಲಸಕ್ಕೆ ಅದು ದುಬಾರಿಯಾದೀತು.

ಉತ್ತರ — ವಸಂತನರಸಾಪುರ

ಮೇಷ್ಟ್ರು ಹೇಳಿದ್ದಕ್ಕೆ ಕೈಗಾರಿಕೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಎಸ್ಟರ್ ತಯಾರಿಸುವ ಘಟಕದ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು ನಾನು.

ನೀವೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದು. ಎಣ್ಣೆಯನ್ನು ಆಮ್ಲ ಮತ್ತು ಗ್ಲಿಸರಿನ್‌ಗಳಾಗಿ ಒಡೆಯಲು ಸುಮಾರು 250 ಡಿಗ್ರಿ ಶಾಖ, 50 ಬಾರ್ ಒತ್ತಡದ ಹಬೆ ಬೇಕು. ಒಡೆದ ಆಮ್ಲಗಳನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ ಒಂದೊಂದಾಗಿ ಬೇರ್ಪಡಿಸಬೇಕು. ಆಮೇಲೆ ಬೇಕಾದ ಆಮ್ಲವನ್ನು ಗ್ಲಿಸರಿನ್ ಜೊತೆ ಸೇರಿಸಿ, 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಈ ಕ್ರಿಯೆ ಎರಡೂ ಕಡೆಗೆ ನಡೆಯುವಂಥದ್ದು. ಹುಟ್ಟಿದ ನೀರು ಒಳಗೇ ಉಳಿದರೆ ಆಗಿರುವ ಎಸ್ಟರ್ ತಿರುಗಿ ಒಡೆಯುತ್ತದೆ. ಅದಕ್ಕಾಗಿ ರಿಯಾಕ್ಟರಿನ ಮೇಲಿನ ಕಂಡೆನ್ಸರ್‌ನಿಂದ ನೀರನ್ನು ಹೊರಗೆಳೆಯುತ್ತಲೇ ಇರುತ್ತಾರೆ. ಕೆಳಗಿನ ಗಾಜಿನ ಪಾತ್ರೆಯಲ್ಲಿ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಸೇರುತ್ತದೆ. ಹನಿ ನಿಂತಾಗ ಸ್ಯಾಂಪಲ್ ತೆಗೆದು ಆಮ್ಲಾಂಕ, ಅಂದರೆ ಕೂಡದೆ ಉಳಿದ ಬಿಡಿ ಆಮ್ಲ ಎಷ್ಟೆಂಬ ಅಳತೆ, ನೋಡುತ್ತೇವೆ. ಚಿಕ್ಕ ಫ್ಲಾಸ್ಕಿನಲ್ಲಿ ಸ್ಯಾಂಪಲ್ ಕರಗಿಸಿ, ಕ್ಷಾರ ಮೇಲಾದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್‌ನಿಂದ ಪೊಟ್ಯಾಶ್ ದ್ರಾವಣ ಬಿಡುತ್ತಾ ಹೋದರೆ, ಕೆಲಸ ಮುಗಿದ ಬ್ಯಾಚಿನಲ್ಲಿ ಮೊದಲ ಕೆಲವು ಹನಿಗಳಿಗೇ ತೆಳು ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಲ್ಲುತ್ತದೆ. ಅರೆಬರೆ ಬ್ಯಾಚಿನಲ್ಲಿ ಬಣ್ಣ ಬಂದು ಬಂದು ಮಾಯವಾಗುತ್ತಿರುತ್ತದೆ. ಕಿಣ್ವ ಬಳಸಿ 60–70 ಡಿಗ್ರಿಯಲ್ಲೇ ಎಸ್ಟರ್ ಮಾಡುವ ವಿಧಾನವೂ ಬಂದಿದೆ, ಬಣ್ಣ ಮತ್ತು ವಾಸನೆಯ ದೃಷ್ಟಿಯಿಂದ ಒಳ್ಳೆಯದೇ, ಆದರೆ ಆ ಕಿಣ್ವದ ಬೆಲೆ ಸಂಘದ ಕೈಗೆ ನಿಲುಕುವಂಥದ್ದಲ್ಲ.

ಲೆಕ್ಕವೂ ಕೂಡಿಬರುವುದಿಲ್ಲ. 100 ಕೆಜಿ ಎಣ್ಣೆ ಒಡೆದರೆ ನಿಮಗೆ ಬೇಕಾದ ಗಿಡ್ಡ ಸರಪಳಿಯ ಆಮ್ಲ ಸಿಗುವುದು 15 ಕೆಜಿಯಷ್ಟು. ಉಳಿದದ್ದನ್ನು ಸಾಬೂನು, ಡಿಟರ್ಜೆಂಟ್ ಕಾರ್ಖಾನೆಗಳಿಗೆ ಮಾರುವ ದೊಡ್ಡ ಕಂಪನಿಗೆ ಇದು ಲಾಭ. ನಿಮಗೆ ಉಳಿದ 85 ಕೆಜಿಯನ್ನು ಎಲ್ಲಿ ಸುರಿಯುವುದೆಂಬ ಚಿಂತೆ. ಅದೂ ಅಲ್ಲದೆ ತಿಪಟೂರಿನ ಉಂಡೆ ಕೊಬ್ಬರಿ ಎಂದರೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಬತ್ತಿದ ಮೇಲೆ ಸುಲಿದು ತೆಗೆದದ್ದು. ತಿನ್ನುವುದಕ್ಕೆಂದೇ ಬೆಲೆ ಬರುವ ಆ ಕೊಬ್ಬರಿಯನ್ನು ಒಡೆದು ರಾಸಾಯನಿಕಕ್ಕೆ ಕೊಡುವುದು ಯಾವ ದಿಕ್ಕಿನಿಂದ ನೋಡಿದರೂ ನಷ್ಟ. ಕೌಟು ಕೊಬ್ಬರಿಯಿಂದ ಮಾಡೋಣವೆಂದರೆ, ಎಣ್ಣೆಯನ್ನು ಶುದ್ಧಿ ಮಾಡುವ ಖರ್ಚು ಬೇರೆ.

ಇನ್ನು ಬೆರಕೆಯ ಮಾತು. ಜಿಡ್ಡು ಕಡಿಮೆಯಾಗಬೇಕು, ಆದರೆ ಕೊಬ್ಬರಿ ಎಣ್ಣೆಯ ಘಮ ಮತ್ತು ಗುಣ ಉಳಿಯಬೇಕು ಎಂದಾದರೆ, 100 ಪಾಲಿನಲ್ಲಿ 60 ನಿಮ್ಮ ಎಣ್ಣೆ, 30 ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್, 10 ಕೊಕೊ-ಕ್ಯಾಪ್ರಿಲೇಟ್ ಎಂಬಲ್ಲಿಂದ ಶುರು ಮಾಡಿ, ಕೈಗೆ ಹಿತವಾಗುವವರೆಗೆ ಹೆಚ್ಚುಕಡಿಮೆ ಮಾಡಿಕೊಳ್ಳಿ. ಬರೀ ಬೇಗ ಹರಡುವ ಎಸ್ಟರನ್ನೇ ತುಂಬಿದರೆ ಮೊದಲ ಕ್ಷಣ ಹಗುರವೆನಿಸಿ, ಆಮೇಲೆ ಚರ್ಮ ಏನೂ ಹಚ್ಚದಂತೆ ಒಣಗಿದಂತಾಗುತ್ತದೆ. ಬೇಗ ಹರಡುವುದು, ಮಧ್ಯಮ, ನಿಧಾನ ಮೂರೂ ಒಟ್ಟಿಗೆ ಇದ್ದರೆ ಹಿತ ಒಂದೇ ಸಮನೆ ಉಳಿಯುತ್ತದೆ. ಚಳಿಯಲ್ಲಿ ಗಟ್ಟಿಯಾಗುವುದು ಈ ಬೆರಕೆಯಿಂದ ತಡವಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಅದು ನಿಲ್ಲಲೇಬೇಕೆಂದರೆ ನಿಮ್ಮ ಎಣ್ಣೆಯ ಪಾಲನ್ನು ಬಹಳ ಇಳಿಸಬೇಕು, ಆಗ ಬಾಟಲಿಯ ಮೇಲೆ ನಿಮ್ಮ ಗಾಣದ ಹೆಸರು ಹಾಕುವುದಕ್ಕೆ ಅರ್ಥವಿರುವುದಿಲ್ಲ. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಬಳಸಿ ಎಂದು ಚೀಟಿಯಲ್ಲಿ ಒಂದು ಸಾಲು ಬರೆಯುವುದು ಹೆಚ್ಚು ಪ್ರಾಮಾಣಿಕ.

ಐಸೊಪ್ರೊಪೈಲ್ ಮಿರಿಸ್ಟೇಟ್ ಅಗ್ಗ ಎಂಬುದು ನಿಜ. ಮೊಲದ ಕಿವಿಯ ಮೇಲೆ ಹಿಂದೆ ನಡೆಸುತ್ತಿದ್ದ ಪರೀಕ್ಷೆಗಳಲ್ಲಿ ಅದು ರಂಧ್ರ ಮುಚ್ಚುವ ವಸ್ತುವೆಂದು ಕಂಡುಬಂದಿತ್ತು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಹೆಚ್ಚು ಸೂಕ್ಷ್ಮವಾದ್ದರಿಂದ ಅದನ್ನೇ ಕೊನೆಯ ಮಾತೆಂದು ನಾನು ಹಿಡಿಯುವುದಿಲ್ಲ. ಆದರೂ ಮೊಡವೆ ಬರುವ ಹುಡುಗಿಯರು ಮುಖಕ್ಕೆ ಹಚ್ಚಿಕೊಳ್ಳುವ ಎಣ್ಣೆಗೆ ಅದನ್ನು ಹಾಕಬೇಡಿ. ಅದು ಪಾಲಿಸ್ಟೈರೀನ್‌ನಂಥ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಮುಚ್ಚಳ ಬಿರುಕು ಬಿಟ್ಟು ಸೋರಬಹುದು. ಗಾಜು ಅಥವಾ ಪೆಟ್ ಬಾಟಲಿ ಸಾಕು.

ತಣ್ಣನೆಯ ವಿಧಾನದ ಸಾಬೂನಿಗೆ ಎಸ್ಟರ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕಾಸ್ಟಿಕ್ ಸೋಡಾ ಎಸ್ಟರನ್ನು ಒಡೆಯುವುದಕ್ಕೆಂದೇ ಇರುವುದು. ನೀವು ದುಡ್ಡು ಕೊಟ್ಟು ತಂದ ವಸ್ತು ಸಾಬೂನಾಗಿ ಮುಗಿದುಹೋಗುತ್ತದೆ. ನಿಮ್ಮ ಮೊದಲ ಸ್ಯಾಂಪಲ್ ಕೊಬ್ಬರಿ ಎಣ್ಣೆಗಿಂತ ತೂಕಕ್ಕೆ ಹೆಚ್ಚು ಸೋಡಾ ತಿನ್ನುವುದರಿಂದ ನಿಮ್ಮ ಲೆಕ್ಕವೂ ತಪ್ಪಿ ಸಾಬೂನು ಹದ ಕೆಡುತ್ತದೆ.

ಕೊಳ್ಳುವಾಗ ಆ ಬ್ಯಾಚಿನ ವಿಶ್ಲೇಷಣಾ ಪ್ರಮಾಣಪತ್ರವನ್ನು, ವ್ಯಾಪಾರದಲ್ಲಿ ಸಿಒಎ ಎನ್ನುವುದನ್ನು, ಕೇಳಿ ಪಡೆಯಿರಿ. ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್‌ನ ಆಮ್ಲಾಂಕ 0.2ರ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಒಳಗೆ ಬಿಡಿ ಆಮ್ಲ ಉಳಿದಿದೆ ಎಂದರ್ಥ. ಬಿಡಿ ಕ್ಯಾಪ್ರಿಲಿಕ್ ಆಮ್ಲಕ್ಕೆ ಹೋತದ ವಾಸನೆ ಇರುತ್ತದೆ. ಬಾಟಲಿ ತೆರೆದಾಗ ಅದು ಮೂಗಿಗೆ ಬಡಿದರೆ ಕಾಗದದಲ್ಲಿ ಏನೇ ಬರೆದಿರಲಿ, ಮಾಲು ವಾಪಸು ಕಳುಹಿಸಿ.

ಉತ್ತರ — ಚಿಂತಾಮಣಿ ರೈತ

ಎಲ್ಲರೂ ತೆಂಗಿನ ಮಾತೇ ಆಡುತ್ತಿದ್ದೀರಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ತೆಂಗಿಗೆ ನೀರೆಲ್ಲಿದೆ? ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು, ಹುಚ್ಚೆಳ್ಳು ಬರುತ್ತವೆ, ಬದುವಿನ ಮೇಲೆ ಹೊಂಗೆ ಇದೆ. ಹೊಂಗೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಅದನ್ನು ಮಿಥೈಲ್ ಎಸ್ಟರ್ ಎಂದೇ ಕರೆಯುತ್ತಾರೆ, ನೋಡಲು ತೆಳ್ಳಗೆ ಹಗುರವಾಗಿಯೂ ಇರುತ್ತದೆ. ಅದೂ ಎಸ್ಟರೇ ಆದ ಮೇಲೆ ಮೈಗೆ ಹಚ್ಚಿದರೆ ತಪ್ಪೇನು ಮೇಷ್ಟ್ರೇ? ಹರಳೆಣ್ಣೆಯಿಂದಲೂ ಇಂಥದ್ದೇನಾದರೂ ಆಗುತ್ತದೆಯೇ?

ಉತ್ತರ — ರಸಾಯನ ಮೇಷ್ಟ್ರು, ತುಮಕೂರು

ಬಯೋಡೀಸೆಲ್ಲನ್ನು ಮೈಗೆ ಹಚ್ಚಲೇಬೇಡಿ. ಅದು ಎಸ್ಟರ್ ಹೌದು, ಮಿಥನಾಲ್‌ಗೆ ಕೊಬ್ಬಿನಾಮ್ಲ ಕೂಡಿಸಿದ್ದು. ಆದರೆ ಅದನ್ನು ತಯಾರಿಸುವಾಗ ಮಿಥನಾಲನ್ನು ಅಗತ್ಯಕ್ಕಿಂತ ಹೆಚ್ಚು ಹಾಕುತ್ತಾರೆ, ಜೊತೆಗೆ ಕ್ಷಾರವಿರುತ್ತದೆ. ಇಂಜಿನ್ನಿಗೆ ಸಾಕಾಗುವಷ್ಟು ತೊಳೆದದ್ದು ಚರ್ಮಕ್ಕೆ ಸಾಕಾಗುವಷ್ಟು ತೊಳೆದದ್ದಲ್ಲ. ನಮ್ಮ ದೇಶದಲ್ಲಿ ಬಯೋಡೀಸೆಲ್‌ಗೆ ಇರುವ ಐಎಸ್ 15607 ಎಂಬ ಮಾನದಂಡ ಇಂಧನಕ್ಕಾಗಿ ಬರೆದದ್ದು, ಸೌಂದರ್ಯವರ್ಧಕಕ್ಕಾಗಿ ಅಲ್ಲ. ಅದರ ಮೇಲೆ ಹೊಂಗೆ ಎಣ್ಣೆಯಲ್ಲಿ ಕರಂಜಿನ್, ಪೊಂಗಮಾಲ್ ಎಂಬ ಬೇರೆ ದ್ರವ್ಯಗಳೂ ಇವೆ. ಅದರ ಕಹಿ, ಗಾಟು ವಾಸನೆ ನಿಮಗೆ ಗೊತ್ತೇ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ಮಿಥೈಲ್ ಎಸ್ಟರ್ ಎಂಬುದು ಒಂದು ನಡುವಿನ ಹಂತ. ಅದರಿಂದ ಕೊಬ್ಬಿನ ಆಲ್ಕೋಹಾಲ್ ಮಾಡಿ, ಆ ಆಲ್ಕೋಹಾಲ್‌ನಿಂದ ಚರ್ಮಕ್ಕೆ ಹೊಂದುವ ಬೇರೆ ಎಸ್ಟರ್ ಮಾಡುತ್ತಾರೆ.

ಹರಳಿನ ಕತೆ ಬೇರೆ, ನನ್ನ ಮಟ್ಟಿಗೆ ತೆಂಗಿಗಿಂತ ಸ್ವಾರಸ್ಯವಾದದ್ದು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 85ರಿಂದ 90ರಷ್ಟು ರಿಸಿನೊಲಿಕ್ ಆಮ್ಲ ಒಂದೇ. ಅದರ ಸರಪಳಿಯ 12ನೆಯ ಇಂಗಾಲದ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ; ಹರಳೆಣ್ಣೆ ಅಷ್ಟು ಮಂದವಾಗಿರುವುದೂ, ಬೇರೆ ಎಣ್ಣೆಗಳಂತಲ್ಲದೆ ಆಲ್ಕೋಹಾಲ್‌ನಲ್ಲಿ ಕರಗುವುದೂ ಇದರಿಂದಲೇ. ಆ ಮಂದತನ ಲಿಪ್‌ಸ್ಟಿಕ್‌ನಲ್ಲಿ ಬಣ್ಣದ ಪುಡಿಯನ್ನು ತಳಕ್ಕೆ ಕೂರದಂತೆ ಹಿಡಿದಿಡುತ್ತದೆ. ಅದರಿಂದ ಸೆಟೈಲ್ ರಿಸಿನೊಲಿಯೇಟ್ ಎಂಬ ಎಸ್ಟರ್ ಮಾಡುತ್ತಾರೆ, ನೀರು ಮತ್ತು ಎಣ್ಣೆಯನ್ನು ಬೆರೆಸಿ ಹಿಡಿಯುವ ಪಾಲಿಗ್ಲಿಸರಿಲ್ ಪಾಲಿರಿಸಿನೊಲಿಯೇಟ್ ಮಾಡುತ್ತಾರೆ. ಈ ಎರಡನೆಯದು ಚಾಕೊಲೇಟ್ ತಯಾರಿಕೆಯಲ್ಲೂ ಬಳಕೆಯಲ್ಲಿದೆ. ಇವೆಲ್ಲ ದೊಡ್ಡ ಘಟಕದ ಕೆಲಸವೇ, ಹರಳು ಬೆಳೆದು ಎಣ್ಣೆ ಮಾರುವವರ ಕೈಗೆ ಅದರ ಬೆಲೆ ಎಷ್ಟು ಬರುತ್ತದೆ ಎಂಬುದು ಬೇರೆ ಚರ್ಚೆ. ತಿಪಟೂರಿನವರಿಗೆ ಒಂದು ಸೂಚನೆ: ತಲೆಗೆ ಹಚ್ಚುವ ಎಣ್ಣೆಗೆ ಸ್ವಲ್ಪ ಹರಳೆಣ್ಣೆ ಸೇರಿಸುವ ಯೋಚನೆಯಿದ್ದರೆ, ನಿಮ್ಮ ಮೊದಲ ಸ್ಯಾಂಪಲ್ ಅದನ್ನು ತೆಳ್ಳಗೆ ಮಾಡಲು ಚೆನ್ನಾಗಿ ಒದಗುತ್ತದೆ.

ಮರುಪ್ರಶ್ನೆ — ತಿಪಟೂರು ಗಾಣ

ಇಬ್ಬರಿಗೂ ಕೃತಜ್ಞತೆಗಳು. ಐಸೊಪ್ರೊಪೈಲ್ ಮಿರಿಸ್ಟೇಟ್ ಬಿಟ್ಟು ಉಳಿದೆರಡನ್ನು ತರಿಸುವುದೆಂದು ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಈಗ ಚೀಟಿಯ ಪ್ರಶ್ನೆ ಉಳಿದಿದೆ. ಈವರೆಗೆ ಬಾಟಲಿಯ ಮೇಲೆ ಶೇಕಡಾ 100 ಶುದ್ಧ ಕೊಬ್ಬರಿ ಎಣ್ಣೆ ಎಂದು ಬರೆಯುತ್ತಿದ್ದೆವು. ಇನ್ನು ಮುಂದೆ ನೈಸರ್ಗಿಕ ಎಂದಾದರೂ ಬರೆಯಬಹುದೇ? ಆಹಾರದ ಪರವಾನಗಿ ನಮ್ಮಲ್ಲಿದೆ, ಅದು ಸಾಕಾಗುತ್ತದೆಯೇ?

ಉತ್ತರ — ವಸಂತನರಸಾಪುರ

ಸಾಕಾಗುವುದಿಲ್ಲ. ಎಸ್ಟರ್ ಬೆರೆಸಿ ಮೈಗೆ ಹಚ್ಚಲು ಮಾರಿದ ಕ್ಷಣದಿಂದ ಅದು ಸೌಂದರ್ಯವರ್ಧಕ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗಿನ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕೆಯ ಲೈಸೆನ್ಸ್ ಪಡೆಯಬೇಕು. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆಯನ್ನು ಖಾದ್ಯ ತೈಲವೆನ್ನಬೇಕೋ ತಲೆಗೆ ಹಚ್ಚುವ ಎಣ್ಣೆಯೆನ್ನಬೇಕೋ ಎಂಬ ತೆರಿಗೆಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೇಶ ತೈಲವೆಂದು ಚೀಟಿ ಹಚ್ಚಿ ಮಾರದಿದ್ದರೆ ಅದು ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಆ ತೀರ್ಪಿನ ನೆರಳು ನಿಮ್ಮ ಬೆರಕೆ ಎಣ್ಣೆಗೆ ಸಿಗುವುದಿಲ್ಲ. ಹಾಗಾಗಿ ಅಡುಗೆಯ ಎಣ್ಣೆ ತುಂಬುವ ಜಾಗ, ಡ್ರಮ್ಮು, ಲೆಕ್ಕದ ಪುಸ್ತಕ, ಎಲ್ಲವನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಸಾಬೂನಿಗೂ ಇದೇ ಕಾಯ್ದೆ ಅನ್ವಯಿಸುತ್ತದೆಂಬುದನ್ನು ಮರೆಯಬೇಡಿ.

ನೈಸರ್ಗಿಕ ಎಂಬ ಪದವನ್ನು ನಾನಾಗಿದ್ದರೆ ಬಿಡುತ್ತಿದ್ದೆ. ಪದಾರ್ಥವೊಂದರ ಎಷ್ಟು ಪಾಲು ನೈಸರ್ಗಿಕ ಮೂಲದ್ದೆಂದು ಲೆಕ್ಕ ಹಾಕುವ ಐಎಸ್‌ಒ 16128 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ಆದರೆ ಚೀಟಿಯ ಮೇಲೆ ಏನು ಹೇಳಿಕೊಳ್ಳಬಹುದು ಎಂಬುದನ್ನು ಅದು ಹೇಳುವುದಿಲ್ಲ. ಮುಂಭಾಗದಲ್ಲಿ ಗಾಣದ ಕೊಬ್ಬರಿ ಎಣ್ಣೆ ಶೇಕಡಾ 60 ಎಂದು ಬರೆದರೆ ಅದು ಯಾರ ಮುಂದೆಯೂ ನಿಲ್ಲುವ ಮಾತು. ಹಿಂಭಾಗದಲ್ಲಿ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು: ಕೋಕೋಸ್ ನ್ಯೂಸಿಫೆರಾ ಆಯಿಲ್, ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಕೊಕೊ-ಕ್ಯಾಪ್ರಿಲೇಟ್. ಕಮಟು ತಡೆಯಲು ಶೇಕಡಾ 0.2ರಷ್ಟು ವಿಟಮಿನ್ ಇ ಹಾಕುವುದಾದರೆ, ಕೊನೆಯಲ್ಲಿ ಟೊಕೊಫೆರಾಲ್. ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಯಾವಾಗಿನ ಒಳಗೆ ಬಳಸಬೇಕೆಂಬುದು, ಲೈಸೆನ್ಸ್ ಸಂಖ್ಯೆ, ತಯಾರಕರ ವಿಳಾಸ ಇರಲೇಬೇಕು. ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ತೆಗೆದು ಚೀಟಿ ಹಚ್ಚಿ ಕತ್ತಲೆಯ ಬೀರುವಿನಲ್ಲಿ ಇಟ್ಟುಕೊಳ್ಳಿ. ಗ್ರಾಹಕರು ವಾಸನೆ ಬದಲಾಗಿದೆ ಎಂದು ಫೋನ್ ಮಾಡಿದಾಗ ತೆರೆದು ಹೋಲಿಸಿ ನೋಡಲು ಬೇಕಾಗುತ್ತದೆ.